ಬೀದಿ ಬದಿಯ ತಿಂಡಿ: ವಯಸ್ಸಿನ ಲೆಕ್ಕ ಒಂದು, ಹೊಟ್ಟೆಯ ಲೆಕ್ಕ ಇನ್ನೊಂದು

ಒಂದೇ ಮನೆಯ ನಾಲ್ಕು ಜನ ಒಂದೇ ತಳ್ಳುಗಾಡಿಯ ಮುಂದೆ ನಿಂತರೂ ಅವರ ಕಣ್ಣು ಹೋಗುವುದು ನಾಲ್ಕು ಕಡೆಗೆ. ಮಗುವಿಗೆ ತಿಂಡಿಯ ಬಣ್ಣ ಕಾಣುತ್ತದೆ. ಕಾಲೇಜು ಹುಡುಗನಿಗೆ ಅಲ್ಲಿ ನಿಂತ ಗುಂಪು ಕಾಣುತ್ತದೆ. ಅಮ್ಮ ಗಾಡಿಯವರ ಉಗುರು ನೋಡುತ್ತಾಳೆ. ಅಜ್ಜಿ ಏನನ್ನೂ ನೋಡದೆ, "ಇದಕ್ಕಿಂತ ಕೊಳಕು ಜಾಗದಲ್ಲಿ ತಿಂದಿದ್ದೀವಿ, ನಮಗೇನೂ ಆಗಿಲ್ಲ" ಎಂದುಬಿಡುತ್ತಾರೆ.

ಇವರಲ್ಲಿ ಯಾರು ಸರಿ? ಎಲ್ಲರೂ ಸ್ವಲ್ಪ ಸ್ವಲ್ಪ ಸರಿ. ಆದರೆ ಹೊಟ್ಟೆ ಕೆಡಿಸುವ ಸಂಗತಿಗಳಲ್ಲಿ ಹೆಚ್ಚಿನವು ಆ ನಾಲ್ವರಿಗೂ ಕಾಣುವುದಿಲ್ಲ. ಜೊತೆಗೆ ಇನ್ನೊಂದು ತೊಡಕಿದೆ. ವಯಸ್ಸು ಬದಲಾದ ಹಾಗೆ ನಾವು ಶುಚಿತ್ವವನ್ನು ಅಳೆಯುವ ರೀತಿ ಬದಲಾಗುತ್ತದೆ, ಕೆಟ್ಟ ಆಹಾರವನ್ನು ತಡೆದುಕೊಳ್ಳುವ ಮೈಯ ಶಕ್ತಿಯೂ ಬದಲಾಗುತ್ತದೆ. ಈ ಎರಡು ಒಟ್ಟೊಟ್ಟಿಗೆ ಬದಲಾಗುವುದಿಲ್ಲ. ಹೆದರಬೇಕಾದವರು ಹೆದರುವುದಿಲ್ಲ, ಅಷ್ಟೇನೂ ಹೆದರಬೇಕಿಲ್ಲದವರು ಗಾಡಿ ಕಂಡರೆ ಮೂಗು ಮುಚ್ಚುತ್ತಾರೆ.

ಬೀದಿ ತಿಂಡಿ ಸಣ್ಣ ವ್ಯವಹಾರವೇನಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2007ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದಿನಕ್ಕೆ ಸುಮಾರು 250 ಕೋಟಿ ಜನ ಬೀದಿಯಲ್ಲಿ ಮಾರುವ ಆಹಾರ ತಿನ್ನುತ್ತಾರೆ. ಇನ್ನು ಕೆಟ್ಟ ಆಹಾರದ ಲೆಕ್ಕ: ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 60 ಕೋಟಿ ಜನ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಆ ಸಾವುಗಳಲ್ಲಿ 1.25 ಲಕ್ಷ ಐದು ವರ್ಷದೊಳಗಿನ ಮಕ್ಕಳದ್ದು. ಈ ಎರಡನೇ ಲೆಕ್ಕವನ್ನು ಪೂರ್ತಿ ಗಾಡಿಯವರ ತಲೆಗೆ ಕಟ್ಟಬೇಡಿ. ಮನೆ ಅಡುಗೆ, ಹೋಟೆಲ್ ಊಟ, ಸಮಾರಂಭದ ಊಟ ಎಲ್ಲ ಅದರಲ್ಲಿ ಸೇರಿದೆ.

ಹೇಸಿಗೆ ಹೇಳುವುದೆಲ್ಲ ನಿಜವಲ್ಲ

ಶುಚಿತ್ವದ ಬಗ್ಗೆ ನಮ್ಮ ಮೊದಲ ತೀರ್ಪು ಬರುವುದು ಹೇಸಿಗೆಯಿಂದ. ನೊಣ ಕಂಡಿತು, ಬೇಡ. ನೆಲ ಒದ್ದೆಯಾಗಿದೆ, ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಈ ಹೇಸಿಗೆಯ ಮೇಲೆ ಬಹಳ ಕಾಲ ಕೆಲಸ ಮಾಡಿದವರು. ಅವರ ಹೆಸರಾದ ಒಂದು ಪ್ರಯೋಗದಲ್ಲಿ ಕ್ರಿಮಿ ಒಂದೂ ಉಳಿಯದಂತೆ ಶುದ್ಧ ಮಾಡಿದ ಸತ್ತ ಜಿರಲೆಯನ್ನು ಜ್ಯೂಸಿನಲ್ಲಿ ಅದ್ದಿ ತೆಗೆದು, ಕುಡಿಯುತ್ತೀರಾ ಎಂದು ಕೇಳಿದರು. ಅಪಾಯವಿಲ್ಲ ಎಂದು ಗೊತ್ತಿದ್ದರೂ ದೊಡ್ಡವರು ಒಲ್ಲೆ ಅಂದರು. ಇದೇ ಬಗೆಯ ಪ್ರಶ್ನೆಗಳನ್ನು ಪುಟ್ಟ ಮಕ್ಕಳಿಗೆ ಕೇಳಿದಾಗ ಬೇರೆಯದೇ ಉತ್ತರ ಬಂತು. ಹುಳವನ್ನು ತೆಗೆದ ಮೇಲೆ ಕುಡಿಯಲು ಏನು ತೊಂದರೆ ಎನ್ನುವ ಹಾಗಿತ್ತು ಅವರ ಲೆಕ್ಕ. ಒಂದು ವಸ್ತು ಮುಟ್ಟಿದ್ದರಿಂದಲೇ ಇನ್ನೊಂದು ಕೆಡುತ್ತದೆ, ಮುಟ್ಟಿದ್ದು ಹೋದರೂ ಕೆಟ್ಟದ್ದು ಹೋಗುವುದಿಲ್ಲ ಎನ್ನುವ ತಿಳಿವಳಿಕೆ ಮಕ್ಕಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ನಾಲ್ಕು ವರ್ಷದ ಮಗುವಿಗೆ "ಅದು ಗಲೀಜು, ಬೇಡ" ಎಂದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಗಲೀಜು ಎಲ್ಲಿದೆ ಎಂದು ಅದು ನಿಜವಾಗಿಯೂ ಹುಡುಕುತ್ತದೆ.

ದೊಡ್ಡವರದ್ದು ಇದರ ಉಲ್ಟಾ ಸಮಸ್ಯೆ. ಹೇಸಿಗೆ ತಂದದ್ದೆಲ್ಲ ಅಪಾಯ ಅಂದುಕೊಳ್ಳುತ್ತಾರೆ, ಹೇಸಿಗೆ ತರದದ್ದೆಲ್ಲ ಸುರಕ್ಷಿತ ಅಂದುಕೊಳ್ಳುತ್ತಾರೆ. ಸ್ಟೀಲಿನ ಹೊಳೆಯುವ ಗಾಡಿ, ಟೋಪಿ, ಕೈಗವಸು ಕಂಡರೆ ಮನಸ್ಸಿಗೆ ಸಮಾಧಾನ. ಆದರೆ ಅದೇ ಕೈಗವಸಿನಲ್ಲಿ ದುಡ್ಡು ತಗೊಂಡು, ಚಿಲ್ಲರೆ ಎಣಿಸಿ, ಬೆವರು ಒರೆಸಿ, ಮತ್ತೆ ತಿಂಡಿಗೆ ಕೈ ಹಾಕಿದರೆ? ಬರಿಗೈಯಾದರೆ ಅಂಟು ಗೊತ್ತಾಗಿ ತೊಳೆಯಬೇಕು ಅನಿಸುತ್ತದೆ. ಗವಸು ಹಾಕಿದವರಿಗೆ ಹಾಗೆ ಅನಿಸುವುದೇ ಕಡಿಮೆ. ನನ್ನ ಮಟ್ಟಿಗೆ ಹೇಳುವುದಾದರೆ, ದುಡ್ಡಿಗೆ ಒಬ್ಬರು ತಿಂಡಿಗೆ ಒಬ್ಬರು ಇರುವ ಮಾಸಲು ಗಾಡಿಯೇ ವಾಸಿ.

ನೋಡಲು ಆರೋಗ್ಯವಾಗಿರುವ ಅಡುಗೆಯವರಿಂದಲೂ ಕಾಯಿಲೆ ಹರಡಬಹುದು. ಇದಕ್ಕೆ ನೂರು ವರ್ಷಕ್ಕೂ ಹಳೆಯ ಉದಾಹರಣೆ ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್. ಆಕೆ ಗಟ್ಟಿಮುಟ್ಟಾಗಿದ್ದಳು. ಆದರೂ ಆಕೆ ಕೆಲಸ ಮಾಡಿದ ಶ್ರೀಮಂತರ ಮನೆಗಳಲ್ಲಿ ಟೈಫಾಯ್ಡ್ ಬರುತ್ತಿತ್ತು. ಜಾರ್ಜ್ ಸೋಪರ್ ಎಂಬುವರು ಜಾಡು ಹಿಡಿದು ಹುಡುಕಿ, ರೋಗಾಣು ಆಕೆಯ ಮೈಯಲ್ಲೇ ಇದೆ ಎಂದು ತೋರಿಸಿದರು. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಸೋಪರ್ ಬೆರಳು ತೋರಿಸಿದ್ದು ಆಕೆಯ ಬಿಸಿ ಅಡುಗೆಯ ಕಡೆಗಲ್ಲ, ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿದ ಐಸ್ ಕ್ರೀಮಿನ ಕಡೆಗೆ. ಒಲೆ ಮುಟ್ಟದ ತಿಂಡಿಯಲ್ಲಿ ಅಡುಗೆಯವರ ಕೈ ನೇರವಾಗಿ ನಮ್ಮ ಬಾಯಿಗೆ ಬರುತ್ತದೆ.

ಗಡಿಯಾರ ಮತ್ತು ಬಕೆಟ್

ಹಾಗಾದರೆ ನಿಜವಾದ ಅಪಾಯ ಎಲ್ಲಿರುತ್ತದೆ? ಮುಖ್ಯವಾಗಿ ಹೊತ್ತಿನಲ್ಲಿ. ಆಹಾರದಲ್ಲಿ ಬೆಳೆಯುವ ಬಹುಪಾಲು ಬ್ಯಾಕ್ಟೀರಿಯಾಗಳಿಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಹಿತ. ಅನುಕೂಲ ಸಿಕ್ಕರೆ ಕೆಲವು ಜಾತಿಗಳು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಒಂದು ಸಾವಿರ ಇದ್ದದ್ದು ನಾಲ್ಕು ತಾಸಿಗೆ 40 ಲಕ್ಷ ದಾಟುತ್ತದೆ. ರುಚಿ, ವಾಸನೆ, ಬಣ್ಣ ಯಾವುದೂ ಬದಲಾಗದೆಯೇ ಇದು ನಡೆಯಬಹುದು. ಹಳಸಿದ ವಾಸನೆ ಬರಿಸುವ ಜೀವಿಗಳು ಬೇರೆ, ಹೊಟ್ಟೆ ಕೆಡಿಸುವ ಜೀವಿಗಳು ಬೇರೆ. "ಮೂಸಿ ನೋಡಿದೆ, ಚೆನ್ನಾಗೇ ಇತ್ತು" ಎನ್ನುವ ಮಾತಿಗೆ ಇದರಿಂದಾಗಿ ಜಾಸ್ತಿ ಬೆಲೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಕೊಟ್ಟಿತು. ಚೊಕ್ಕಟವಾಗಿರಿ, ಹಸಿ ಮತ್ತು ಬೆಂದ ಪದಾರ್ಥ ಬೇರೆ ಬೇರೆ ಇಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಶಾಖದಲ್ಲಿಡಿ, ಒಳ್ಳೆಯ ನೀರು ಮತ್ತು ಸಾಮಗ್ರಿ ಬಳಸಿ. ಬೇಯಿಸಿದ್ದನ್ನು ಎರಡು ತಾಸಿಗಿಂತ ಹೆಚ್ಚು ಹೊತ್ತು ಸುಮ್ಮನೆ ಹೊರಗಿಡಬಾರದು ಎನ್ನುವುದು ಅದರೊಳಗೇ ಬರುವ ಮಾತು. ಐದರಲ್ಲಿ ಮೊದಲನೆಯದು ಮಾತ್ರ ಗಾಡಿಯ ಮುಂದೆ ನಿಂತವರಿಗೆ ಸುಲಭವಾಗಿ ಕಾಣುತ್ತದೆ. ನಾವು ಅದೊಂದನ್ನೇ ಶುಚಿತ್ವ ಎಂದು ಕರೆಯುತ್ತೇವೆ.

"ಮತ್ತೆ ಬಿಸಿ ಮಾಡಿ ಕೊಟ್ಟರಲ್ಲ, ಎಲ್ಲ ಸತ್ತಿರುತ್ತೆ" ಎಂದು ಹಲವರು ಧೈರ್ಯ ತಂದುಕೊಳ್ಳುತ್ತಾರೆ. ಇದು ಅರ್ಧ ಸತ್ಯ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅನ್ನದಂಥ ಪದಾರ್ಥಗಳಲ್ಲಿ ಬೀಜಕಣದ ರೂಪದಲ್ಲಿರುತ್ತದೆ. ಆ ಬೀಜಕಣ ಕುದಿಯುವ ನೀರಿಗೂ ಬಗ್ಗುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹೊರಗೇ ಇದ್ದರೆ ಅದು ಮೊಳೆತು ವಿಷ ಬಿಡುತ್ತದೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಕೈಯ ಗಾಯ, ಮೂಗು, ಚರ್ಮದಿಂದ ಬರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷವೂ ಹೀಗೆಯೇ ಬಿಸಿಗೆ ಜಗ್ಗುವುದಿಲ್ಲ. ಎದುರಿಗೇ ಹೊಗೆಯಾಡುವ ಬಾಣಲೆ ನಿಜಕ್ಕೂ ಒಳ್ಳೆಯ ಗುರುತು. ಆದರೆ ಅದರೊಳಗೆ ಬಿದ್ದ ಪದಾರ್ಥ ಬೆಳಿಗ್ಗೆಯಿಂದ ಹೇಗಿತ್ತು ಎನ್ನುವುದನ್ನು ಹೊಗೆ ಹೇಳುವುದಿಲ್ಲ.

ಎರಡನೆಯದು ಬಕೆಟ್. ಗಾಡಿಯ ಪಕ್ಕದಲ್ಲಿ ತಟ್ಟೆ ಅದ್ದುವ ಬಕೆಟ್ ಇದ್ದರೆ ಒಮ್ಮೆ ಬಗ್ಗಿ ನೋಡಿ. ಮೊದಲ ತಟ್ಟೆಗೆ ನೀರು ತಿಳಿಯಾಗಿತ್ತು. ನಲವತ್ತನೇ ತಟ್ಟೆಯ ಹೊತ್ತಿಗೆ ಮೇಲೆ ಎಣ್ಣೆಯ ಪದರ, ತಳದಲ್ಲಿ ಎಂಜಲು. ಅದೇ ನೀರಿನಲ್ಲಿ ಚಾಕು ಅದ್ದುತ್ತಾರೆ, ಕೈ ಅದ್ದುತ್ತಾರೆ, ಬಟ್ಟೆಯನ್ನೂ ಹಿಂಡುತ್ತಾರೆ. ಆ ಬಟ್ಟೆಯಿಂದ ತಟ್ಟೆ ಒರೆಸಿ ಹೊಳಪು ಬರಿಸುತ್ತಾರೆ. ತಟ್ಟೆ ಕಣ್ಣಿಗೆ ಸ್ವಚ್ಛ. ಆದರೆ ಮೊದಲು ಉಂಡ ನಲವತ್ತು ಜನರ ಬಾಯಿಯಿಂದ ಬಂದದ್ದೆಲ್ಲ ಅದರ ಮೇಲೆ ತೆಳ್ಳಗೆ ಹರಡಿರುತ್ತದೆ.

ಇದಕ್ಕೆ ಗಾಡಿಯವರ ಸೋಮಾರಿತನವೇ ಕಾರಣ ಎನ್ನುವುದು ಸುಲಭದ ಮಾತು. ನಲ್ಲಿ ಅರ್ಧ ಕಿಲೋಮೀಟರ್ ದೂರ ಇದ್ದಾಗ, ಗಾಡಿ ಬಿಟ್ಟು ಹೋಗಲು ಆಗದಿದ್ದಾಗ, ಹೊತ್ತು ತಂದ ಎರಡು ಕೊಡ ನೀರಲ್ಲೇ ಇಡೀ ಸಂಜೆ ದೂಡಬೇಕಾಗುತ್ತದೆ. ಒಂದು ನಲ್ಲಿ ಮತ್ತು ಒಂದು ಶೌಚಾಲಯ ಹತ್ತಿರ ಬಂದರೆ ಆಗುವ ಸುಧಾರಣೆ ಹತ್ತು ಉಪದೇಶದಿಂದ ಆಗುವುದಿಲ್ಲ.

ಇನ್ನು ವಯಸ್ಸಿನ ಮಾತು

ಹದಿಹರೆಯದವರಿಂದ, ಯುವಕರಿಂದ ಶುರು ಮಾಡೋಣ. ಎಲ್ಲರೂ ಬೈಯುವುದು ಇವರನ್ನೇ ಅಲ್ವಾ? ಇವರಿಗೆ ಶುಚಿತ್ವದ ಬಗ್ಗೆ ಏನೂ ಗೊತ್ತಿಲ್ಲ ಅನ್ನುವುದು ತಪ್ಪು. ಶಾಲೆಯಲ್ಲಿ ಬ್ಯಾಕ್ಟೀರಿಯಾ, ವೈರಸ್ ಎಲ್ಲ ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾರೆ. ಗೊತ್ತಿದ್ದೂ ತಿನ್ನುತ್ತಾರೆ. ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೈನ್ 1980ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ಬರೆದ ಪ್ರಬಂಧ ಈ ವಿಷಯದಲ್ಲಿ ದಾರಿ ತೋರಿಸುತ್ತದೆ. ಕೆಟ್ಟದ್ದು ತಮಗಿಂತ ಬೇರೆಯವರಿಗೇ ಹೆಚ್ಚು ಆಗುತ್ತದೆ ಎಂದು ಬಹುತೇಕರು ನಂಬಿದ್ದರು. ಎಲ್ಲರೂ ಸರಾಸರಿಗಿಂತ ಅದೃಷ್ಟವಂತರಾಗಿರಲು ಸಾಧ್ಯವಿಲ್ಲ. ಆದರೂ ಹಾಗನಿಸುತ್ತದೆ. ಈ ಗುಣ ಯುವಕರಿಗೆ ಮಾತ್ರ ಸೇರಿದ್ದಲ್ಲ, ನಡುವಯಸ್ಸಿನವರಲ್ಲೂ ಇದೆ.

ಯುವಕರಲ್ಲಿ ಜಾಸ್ತಿ ಇರುವುದು ಜೊತೆಗಾರರ ಪ್ರಭಾವ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. ದೊಡ್ಡವರಲ್ಲಿ ಅಷ್ಟು ವ್ಯತ್ಯಾಸ ಆಗಲಿಲ್ಲ. ಕಾರಿನ ಆಟಕ್ಕೂ ತಿಂಡಿಗೂ ಏನು ಸಂಬಂಧ ಅನ್ನಬಹುದು. ಆರು ಜನ ಗೆಳೆಯರು ತಟ್ಟೆಗೆ ಕೈ ಹಾಕಿರುವಾಗ "ನೀರು ಎಲ್ಲಿಯದು?" ಎಂದು ಕೇಳಿ ನೋಡಿ, ಸಂಬಂಧ ತಾನಾಗೇ ತಿಳಿಯುತ್ತದೆ.

ಈಗ ಇದಕ್ಕೆ ಫೋನ್ ಸೇರಿಕೊಂಡಿದೆ. ವಿಡಿಯೊ ನೋಡಿ, ಸ್ಟಾರ್ ಎಣಿಸಿ ಹೋಗುತ್ತಾರೆ. ಆ ಸ್ಟಾರ್‌ಗಳು ರುಚಿಗೆ, ಗಾತ್ರಕ್ಕೆ, ಅಗ್ಗಕ್ಕೆ ಬಿದ್ದವು. ಮೂರು ದಿನ ಆದ ಮೇಲೆ ಭೇದಿ ಶುರುವಾದವರು ಹಿಂದಿರುಗಿ ಬಂದು ಒಂದು ಸ್ಟಾರ್ ಕಿತ್ತುಕೊಳ್ಳುವುದು ಅಪರೂಪ. ಆದರೂ ಇವರ ಒಂದು ಅಭ್ಯಾಸ ಅವರಿಗೇ ಗೊತ್ತಿಲ್ಲದೆ ಒಳ್ಳೆಯದು ಮಾಡುತ್ತದೆ. ಗುಂಪಿರುವ ಕಡೆ ತಿಂಡಿ ಬೇಗ ಖರ್ಚಾಗುತ್ತದೆ. ಬಾಣಲೆಯಿಂದ ತಟ್ಟೆಗೆ ಹೋಗುವ ಹೊತ್ತು ಕಡಿಮೆ. ಅದೇ ಗುಂಪಿನಿಂದ ಬಕೆಟ್ ನೀರು ಬೇಗ ಕೊಳೆಯಾಗುತ್ತದೆ ಅನ್ನುವುದೂ ನಿಜ. ಗುಂಪು ಬಿಸಿ ತಿಂಡಿಗೆ ಒಳ್ಳೆಯ ಸಾಕ್ಷಿ, ತಟ್ಟೆಗಲ್ಲ.

ಆರೋಗ್ಯವಂತ ಇಪ್ಪತ್ತರ ಹುಡುಗನಿಗೆ ಹೊಟ್ಟೆ ಕೆಟ್ಟರೆ ಸಾಮಾನ್ಯವಾಗಿ ಎರಡು ದಿನ ನರಳಿ ಎದ್ದು ಓಡಾಡುತ್ತಾನೆ. ಅದೇ ರೋಗಾಣು ಎರಡು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಬೇರೆಯ ಕಥೆ. ಮಗುವಿನ ಮೈಯಲ್ಲಿರುವ ನೀರೇ ಕಡಿಮೆ, ನಾಲ್ಕು ಸಲ ಭೇದಿಯಾದರೆ ಬತ್ತಿಹೋಗುತ್ತದೆ.

ವಯಸ್ಸಾದವರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅವರಲ್ಲಿ ನಂಬಿಕೆ ಮತ್ತು ಮೈಯ ಸ್ಥಿತಿ ಅತ್ಯಂತ ದೂರ ದೂರ ಇರುತ್ತವೆ. ಹೊಟ್ಟೆಯ ಆಮ್ಲ ರೋಗಾಣುಗಳಿಗೆ ಮೊದಲ ತಡೆ. ಹಲವು ವೃದ್ಧರಲ್ಲಿ ಅದು ಕಡಿಮೆಯಾಗಿರುತ್ತದೆ. ಗ್ಯಾಸ್ಟ್ರಿಕ್ ಎಂದು ದಿನಾ ನುಂಗುವ ಮಾತ್ರೆ ಅದನ್ನು ಇನ್ನೂ ಇಳಿಸುತ್ತದೆ. ಮೂಗಿನ ಚುರುಕು ತಗ್ಗಿರುತ್ತದೆ, ಹಳಸಿದ್ದು ತಿಳಿಯುವುದಿಲ್ಲ. ನೀರು ಕಡಿಮೆಯಾದರೂ ಬಾಯಾರಿಕೆ ಮೊದಲಿನಂತೆ ಎಚ್ಚರಿಸುವುದಿಲ್ಲ. ಇಷ್ಟೆಲ್ಲ ಆಗಿರುವಾಗ ಅವರ ಧೈರ್ಯ ಮಾತ್ರ ಇಪ್ಪತ್ತರ ವಯಸ್ಸಿನಲ್ಲಿ ಗಳಿಸಿದ್ದು. ಆಗ ಏನನ್ನೂ ಅರಗಿಸುತ್ತಿದ್ದ ಹೊಟ್ಟೆಯ ನೆನಪಿನ ಮೇಲೆ ಈಗಿನ ಹೊಟ್ಟೆಗೆ ತಿನ್ನಿಸುತ್ತಾರೆ.

"ನಮಗೇನೂ ಆಗಿಲ್ಲ" ಎನ್ನುವ ಮಾತಿಗೆ ಇನ್ನೊಂದು ಉತ್ತರವೂ ಇದೆ. ಆಗಿದ್ದವರು ಇಂದು ಹೇಳಲು ಉಳಿದಿಲ್ಲ. ಚಿಕ್ಕಂದಿನಲ್ಲೇ ವಾಂತಿಭೇದಿಗೆ ಹೋದವರು ಯಾವ ಮಾತುಕತೆಯಲ್ಲೂ ಬಂದು ಕೂರುವುದಿಲ್ಲ.

ಹಾಗಂತ ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಹೆಪಟೈಟಿಸ್ ಎ ಎಂಬ ವೈರಸ್ಸನ್ನು ನೋಡಿ. ಕೊಳೆ ನೀರು, ತೊಳೆಯದ ಕೈಯಿಂದ ಹರಡಿ ಕಾಮಾಲೆ ತರುತ್ತದೆ. ಪುಟ್ಟ ಮಕ್ಕಳಿಗೆ ಬಂದರೆ ಬಹುಪಾಲು ಸಲ ಲಕ್ಷಣವೇ ಇರುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಒಮ್ಮೆ ಬಂದುಹೋದರೆ ಜೀವನಪೂರ್ತಿ ರಕ್ಷಣೆ. ದೊಡ್ಡವರಾದ ಮೇಲೆ ಮೊದಲ ಸಲ ಬಂದರೆ ವಾರಗಟ್ಟಲೆ ಮಲಗಿಸುತ್ತದೆ, ಕೆಲವರಲ್ಲಿ ಯಕೃತ್ತನ್ನೇ ಕೆಡಿಸುತ್ತದೆ. ನೈರ್ಮಲ್ಯ ಕಡಿಮೆ ಇದ್ದ ಕಡೆ ಬೆಳೆದ ತಲೆಮಾರಿನವರಿಗೆ ಹತ್ತು ವರ್ಷ ತುಂಬುವುದರೊಳಗೇ ಅದು ಬಂದುಹೋಗಿರುತ್ತದೆ. ಶುದ್ಧ ನೀರು ಕುಡಿದು ಬೆಳೆದ ಮೊಮ್ಮಗಳಿಗೆ ಆ ರಕ್ಷಣೆ ಇಲ್ಲ. ಇಬ್ಬರೂ ಒಂದೇ ಗಾಡಿಯಲ್ಲಿ ತಿಂದರೂ ಅಜ್ಜಿ ಹಾಯಾಗಿರುತ್ತಾರೆ, ಮೊಮ್ಮಗಳು ಕಾಮಾಲೆಯಿಂದ ಮಲಗುತ್ತಾಳೆ. "ಈಗಿನ ಮಕ್ಕಳು ನಾಜೂಕು" ಎಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಾರೆ. ನಡೆದದ್ದು ಅದಲ್ಲ. ಹಾಗೆಂದು ಮಕ್ಕಳಿಗೆ ಕೊಳೆ ನೀರು ಕುಡಿಸಿ ಗಟ್ಟಿ ಮಾಡಲು ಹೋಗಬೇಡಿ, ಅದೇ ನೀರಲ್ಲಿ ಟೈಫಾಯ್ಡ್, ಕಾಲರಾ ಎಲ್ಲ ಇರುತ್ತದೆ. ಹೆಪಟೈಟಿಸ್ ಎಗೆ ಲಸಿಕೆ ಇದೆ.

ಗರ್ಭಿಣಿಯರದ್ದು ವಯಸ್ಸಿನ ಗುಂಪಲ್ಲ, ಆದರೂ ಹೇಳಿಬಿಡಬೇಕು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಾಯಿಗೆ ಸಣ್ಣ ಜ್ವರದಂತೆ ಬಂದು ಹೊಟ್ಟೆಯೊಳಗಿನ ಮಗುವಿಗೆ ಪ್ರಾಣಾಪಾಯ ತರಬಲ್ಲದು. ಇದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಹೆಚ್ಚಿಟ್ಟ ಹಣ್ಣು, ತಣ್ಣನೆಯ ಮಾಂಸ, ಹಸಿ ಹಾಲಿನ ತಿನಿಸು ಅವರಿಗೆ ಬೇಡವೇ ಬೇಡ.

ಯಾವುದರಿಂದ ಕೆಟ್ಟಿತು?

ಹೊಟ್ಟೆ ಕೆಟ್ಟ ತಕ್ಷಣ ಕೊನೆಗೆ ತಿಂದದ್ದನ್ನು, ಅದರಲ್ಲೂ ಹೊರಗೆ ತಿಂದದ್ದನ್ನು ಬೈಯುತ್ತೇವೆ. ಹೊಟ್ಟೆ ಕೆಟ್ಟಾಗ ಬಾಯಿಗೆ ಸಿಕ್ಕ ರುಚಿಯನ್ನು ಮೆದುಳು ಬಹಳ ಕಾಲ ದ್ವೇಷಿಸುತ್ತದೆ. 1955ರಲ್ಲಿ ಜಾನ್ ಗಾರ್ಸಿಯಾ ಇಲಿಗಳಲ್ಲಿ ಇದನ್ನು ತೋರಿಸಿದ್ದರು: ಸಿಹಿ ನೀರಿನ ಜೊತೆ ವಿಕಿರಣದಿಂದ ಕಾಯಿಲೆ ಬಿದ್ದ ಇಲಿಗಳು, ತಪ್ಪು ಸಿಹಿಯದಲ್ಲದಿದ್ದರೂ, ಸಿಹಿ ನೀರನ್ನೇ ಬಿಟ್ಟವು. ನಾವೂ ಹಾಗೇ. ಆದರೆ ಗಡಿಯಾರ ಬೇರೆ ಹೇಳುತ್ತದೆ. ಸ್ಟ್ಯಾಫಿಲೊಕಾಕಸ್ ವಿಷವಾದರೆ ಅರ್ಧ ತಾಸಿನಿಂದ ಎಂಟು ತಾಸಿನೊಳಗೆ ವಾಂತಿ. ನೊರೊವೈರಸ್ ಸಾಮಾನ್ಯವಾಗಿ 12ರಿಂದ 48 ತಾಸು ತಗೊಳ್ಳುತ್ತದೆ. ಸಾಲ್ಮೊನೆಲ್ಲಾ ಆರು ತಾಸಿನಿಂದ ಮೂರ್ನಾಲ್ಕು ದಿನ, ಕ್ಯಾಂಪಿಲೋಬ್ಯಾಕ್ಟರ್ ಎರಡರಿಂದ ಐದು ದಿನ. ಹೆಪಟೈಟಿಸ್ ಎ ಎರಡು ವಾರದಿಂದ ಏಳು ವಾರ! ಇಂದಿನ ಕಾಮಾಲೆಗೆ ಕಾರಣ ಹೋದ ತಿಂಗಳ ಊಟ ಇರಬಹುದು. ನಿನ್ನೆಯ ಗಾಡಿಯ ಹೆಸರು ಕೆಡಿಸಿದ್ದಷ್ಟೇ ಲಾಭ.

ಈ ತಪ್ಪು ಲೆಕ್ಕವೇ ವರ್ಷಗಟ್ಟಲೆ ಸೇರಿ ಅನುಭವ ಅನಿಸಿಕೊಳ್ಳುತ್ತದೆ. ನಡುವಯಸ್ಸಿನವರ ಬೇಕು-ಬೇಡಗಳ ಪಟ್ಟಿ ಹೀಗೆ ಬೆಳೆದದ್ದು. ಅದರಲ್ಲಿ ಕೆಲವು ನಿಜ, ಕೆಲವು ಆ ಇಲಿಯ ಸಿಹಿ ನೀರು.

ತಿನ್ನುವುದಾದರೆ ಹೀಗೆ ನೋಡಿ. ಕಣ್ಣೆದುರೇ ಬೆಂದು, ಕೈ ಸುಡುವಷ್ಟು ಬಿಸಿಯಾಗಿ ತಟ್ಟೆಗೆ ಬಂದದ್ದು ಮೊದಲ ಆಯ್ಕೆ. ಆಮೇಲೆ ಅದರ ಮೇಲೆ ಏನು ಹಾಕುತ್ತಾರೆ ಗಮನಿಸಿ. ಒಳ್ಳೆಯ ಬಿಸಿ ತಿಂಡಿಯನ್ನು ಕೆಡಿಸುವುದು ಮೇಲೆ ಉದುರಿಸುವ ಹಸಿ ಸೊಪ್ಪು, ಬೆಳಿಗ್ಗೆಯಿಂದ ತೆರೆದಿಟ್ಟ ಸಾಸ್. ಸಿಪ್ಪೆ ನೀವೇ ಸುಲಿಯುವ ಹಣ್ಣು ಸರಿ, ಹೆಚ್ಚಿಟ್ಟದ್ದು ಬೇಡ. ಐಸ್ ಎಂದರೆ ನೀರು, ಗಟ್ಟಿಯಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಹಸಿ ಮಾಂಸ ಕೊಯ್ದ ಚಾಕು ಬೆಂದದ್ದಕ್ಕೂ ಬಂದರೆ ಅಲ್ಲಿಂದ ಹೊರಡಿ. ತಟ್ಟೆಯ ಬದಲು ಎಲೆ, ಕಾಗದದ ಬಟ್ಟಲು ಇದ್ದರೆ ಬಕೆಟ್ಟಿನ ಚಿಂತೆ ತಪ್ಪಿತು. ನಿಮ್ಮ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಎಣ್ಣೆ, ಕೊಳೆ ಹತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ನೊರೊವೈರಸ್ ಮೇಲಂತೂ ಅದರ ಆಟ ಕಡಿಮೆ.

ಮಗುವಿಗೂ ವೃದ್ಧರಿಗೂ ಇದೇ ನಿಯಮವನ್ನು ಇನ್ನೊಂದಿಷ್ಟು ಬಿಗಿ ಮಾಡಿ. ಬಿಸಿಯಾದದ್ದು ಮಾತ್ರ, ಹಸಿಯದ್ದು ಯಾವುದೂ ಬೇಡ. ಅಜ್ಜಿಯ ಹತ್ತಿರ ವಾದ ಮಾಡಿ ಗೆಲ್ಲುವುದು ಕಷ್ಟ. "ನಿಮ್ಮ ಕಾಲದಲ್ಲಿ" ಎಂದು ಶುರು ಮಾಡಿದರೆ ಮುಗಿಯಿತು. ಅವರು ತಗೊಳ್ಳುವ ಗ್ಯಾಸ್ಟ್ರಿಕ್ ಮಾತ್ರೆಯ ಮಾತಿನಿಂದ ಶುರು ಮಾಡಿದರೆ ಕೇಳುವ ಸಾಧ್ಯತೆ ಇದೆ.

ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಕೆಡುತ್ತದೆ. ಆಗ ಮೊದಲು ಬೇಕಾದದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕೊಡಿ. ಸಿಹಿ ತಂಪು ಪಾನೀಯ ಅದರ ಜಾಗ ತುಂಬುವುದಿಲ್ಲ, ಅದರಲ್ಲಿರುವ ಸಕ್ಕರೆ ಭೇದಿಯನ್ನು ಹೆಚ್ಚಿಸಬಹುದು. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಡಾಕ್ಟರ ಬಳಿ ಹೋಗಿ. ಹೋದಾಗ ಕೊನೆಯ ಊಟವನ್ನಷ್ಟೇ ಹೇಳಬೇಡಿ, ಹಿಂದಿನ ಮೂರ್ನಾಲ್ಕು ದಿನ ಏನೇನು ತಿಂದಿರಿ, ಜೊತೆಯಲ್ಲಿ ತಿಂದವರಲ್ಲಿ ಬೇರೆ ಯಾರಿಗೆ ಹೀಗಾಗಿದೆ ಎನ್ನುವುದನ್ನೂ ಹೇಳಿ.